ಪಂಚರ್ ಅಂದರೆ ಏನು?

ಝಳಕಿಯ ಹೆದ್ದಾರಿ ಪಕ್ಕ ನಮ್ಮ ಅಬ್ಬಾನ ಅಂಗಡಿಯಿತ್ತು. ಅಂಗಡಿಯೆಂದರೆ ನಾಲ್ಕು ಕಂಬ, ಮೇಲೊಂದು ತಗಡು, ಮುಂದೆ ನಿಲ್ಲಿಸಿದ ಹಳೆಯ ಲಾರಿ ಟಾಯರು. ಆ ಟಾಯರಿನ ಮೇಲೆ ಅಬ್ಬಾ ಬಿಳಿ ಬಣ್ಣದಲ್ಲಿ ‘ಪಂಚರ್’ ಎಂದು ಬರೆದಿದ್ದ. ಶಾಲೆಗೆ ಸೇರುವ ಮೊದಲೇ ನಾನು ಓದಲು ಕಲಿತ ಪದ ಅದು.

ಆರನೇ ತರಗತಿಯಲ್ಲಿ ಇಂಗ್ಲಿಷ್ ಕಲಿಸಲು ಇಂಡಿ ಪಟ್ಟಣದಿಂದ ಹೊಸ ಸರ್ ಬಂದರು. ಇಸ್ತ್ರಿ ಅಂಗಿ, ಗತ್ತಿನ ಮಾತು. ಒಂದು ದಿನ ಅದೇ ಪದವನ್ನು ಇಂಗ್ಲಿಷಿನಲ್ಲಿ ಹಲಗೆಯ ಮೇಲೆ ಬರೆದು ಅರ್ಥ ಕೇಳಿದರು. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎದ್ದು ನಿಂತೆ.

“ತೂತು ಮುಚ್ಚೂದ್ರೀ ಸರ್.”

ಸರ್ ನಕ್ಕರು. ಅವರು ನಕ್ಕರೆಂದು ತರಗತಿಯೆಲ್ಲ ನಕ್ಕಿತು.

“ಮುಚ್ಚೂದಲ್ಲವ್ವಾ, ಚುಚ್ಚೂದು! ಮುಳ್ಳೋ ಮೊಳಿಯೋ ಚುಚ್ಚಿ ತೂತು ಬೀಳೂದು. ಪೂರಾ ಉಲ್ಟಾ ಹೇಳಿದಿ.”

ಸಂಜೆ ಅಂಗಡಿಗೆ ಹೋದವಳೇ ಅಬ್ಬಾನ ಮೇಲೆ ಹರಿಹಾಯ್ದೆ. “ಪಂಚರ್ ಅಂದ್ರ ತೂತಂತ. ನಾವಿಲ್ಲಿ ತೂತು ಮಾಡಿ ಕೊಡ್ತೇವಿ ಅಂತ ಬರ್ದೀಯೇನು?”

ಅಬ್ಬಾ ತೇಪೆ ಹಾಕಲು ಟ್ಯೂಬ್ ಉಜ್ಜುತ್ತ ಕೂತಿದ್ದ. “ಬಂದವ್ರು ಪಂಚರ್ ಆಗೇತಿ ಅಂತಾರ, ಪಂಚರ್ ಹಾಕ್ರಿ ಅಂತನೂ ಅಂತಾರ. ನನಗ ಎರಡೂ ತಿಳೀತೈತಿ” ಎಂದ. ನನ್ನ ಸಿಟ್ಟು ಇಳಿಯಲಿಲ್ಲ.

ವಾರ ಕಳೆದಿರಬೇಕು. ಒಂದು ರವಿವಾರ ಮಧ್ಯಾಹ್ನದ ಬಿಸಿಲಲ್ಲಿ ಸರ್ ತಮ್ಮ ಗಾಡಿ ತಳ್ಳಿಕೊಂಡು ನಮ್ಮ ಅಂಗಡಿಗೇ ಬಂದರು. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಹಿಂದಿನ ಗಾಲಿಗೆ ಜಾಲಿ ಮುಳ್ಳು.

“ಚಾಚಾ, ಲಗೂನ ಒಂದು ಪಂಚರ್ ಹಾಕಿ ಕೊಡ್ರಿ.”

ಅಬ್ಬಾ ನನ್ನ ಕಡೆ ನೋಡಿದ. ನನಗೆ ಬಾಯಿ ತಡೆಯಲಾಗಲಿಲ್ಲ. “ಸರ್, ಇನ್ನೊಂದು ತೂತು ಹಾಕೂದೇನ್ರೀ?”

“ಏಯ್!” ಎಂದು ಅಬ್ಬಾ ಗದರಿಸಿದ. ಸರ್ ಮಾತ್ರ ಅಲ್ಲಿದ್ದ ಡಬ್ಬದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಬಿಡ್ರಿ ಚಾಚಾ, ಬೈಬ್ಯಾಡ್ರಿ. ನನ್ನದಽ ತಪ್ಪು.”

ಮರುದಿನ ತರಗತಿಯಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. “ಪಂಚರ್ ಅನ್ನೂ ಶಬ್ದಕ್ಕ ಇಂಗ್ಲಿಷಿನ್ಯಾಗ ಒಂದು ಅರ್ಥ. ನಮ್ಮ ಕಡೆ ಎರಡು. ಎರಡನೇದು ನನಗ ಈಕಿ ಕಲಿಸ್ಯಾಳ” ಎಂದರು. ಈ ಸಲ ಯಾರೂ ನಗಲಿಲ್ಲ. ಅವತ್ತಿನಿಂದ ಇಂಗ್ಲಿಷ್ ಪುಸ್ತಕ ತೆರೆಯುವ ಅಂಜಿಕೆ ಹೋಯಿತು. ಈಗ ಮುದ್ದೇಬಿಹಾಳದಲ್ಲಿ ನಾನೇ ಇಂಗ್ಲಿಷ್ ಕಲಿಸುತ್ತೇನೆ.

ಆ ಸರ್ ಎರಡು ವರ್ಷಕ್ಕೆ ಹೂವಿನ ಹಿಪ್ಪರಗಿಗೆ ವರ್ಗವಾದರು. ಹೆದ್ದಾರಿ ಅಗಲವಾದಾಗ ನಮ್ಮ ಅಂಗಡಿಯೂ ಹಿಂದೆ ಸರಿಯಿತು. ಈಗ ಟ್ಯೂಬೇ ಇಲ್ಲದ ಟಾಯರು. ಅಬ್ಬಾ ಗಾಲಿ ಬಿಚ್ಚದೆಯೇ ತೂತಿಗೊಂದು ರಬ್ಬರ್ ಬತ್ತಿ ತುರುಕಿ ಕಳಿಸುತ್ತಾನೆ. ಆಗೆಲ್ಲ ರಜೆಯ ದಿನ ಟ್ಯೂಬನ್ನು ನೀರು ತುಂಬಿದ ತಗಡಿನ ಬುಟ್ಟಿಯಲ್ಲಿ ಅದ್ದಿ ಗುಳ್ಳೆಯೇಳುವ ಜಾಗ ಹುಡುಕುವುದು ನನ್ನ ಕೆಲಸವಾಗಿತ್ತು. “ಸಿಕ್ತು, ಅಬ್ಬಾ!” ಎಂದು ನಾನು ಕೂಗಿದರೆ ಅವನು ಆ ತೂತಿನ ಮೇಲೆ ಒದ್ದೆ ಬೆರಳಿಡುತ್ತಿದ್ದ.