ಚೆಕ್ಕಿಂಗ್ ಶೀನಣ್ಣ

ನನ್ನ ಅಣ್ಣ ಶೀನ ಎದುರು ಬಂದವರ ಮುಖ ನೋಡುವ ಮೊದಲು ಕೈ ನೋಡುತ್ತಿದ್ದ. ಕೈಯಲ್ಲಿ ಟಿಕೆಟ್ ಇದೆಯೋ ಇಲ್ಲವೋ ಎಂದು. ಇಪ್ಪತ್ತೆರಡು ವರ್ಷ ಖಾಸಗಿ ಬಸ್ಸುಗಳಲ್ಲಿ ಚೆಕ್ಕಿಂಗ್ ಕೆಲಸ ಮಾಡಿದವನಿಗೆ ಅದು ಮೈಗೆ ಅಂಟಿಬಿಟ್ಟಿತ್ತು. ಮದುವೆ ಮನೆಯಲ್ಲಿ ನೆಂಟರು ಕೈ ಮುಗಿದರೆ ಅವನ ಕಣ್ಣು ಬೆರಳುಗಳ ಸಂದಿಗೆ ಹೋಗುತ್ತಿತ್ತು. ಒಮ್ಮೆ ತೊಟ್ಟಿಲಿಗೆ ಹಾಕುವ ದಿನ ಮಗುವಿನ ಮುಷ್ಟಿಯನ್ನೂ ಬಿಡಿಸಿ ನೋಡಿದ್ದ. ಉತ್ಪ್ರೇಕ್ಷೆ ಮಾಡುತ್ತಿಲ್ಲ, ಮಗು ನನ್ನದೇ.

ಉದ್ದ ಕೈಯ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಎಡಗೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಚೆಕ್ಕಿಂಗ್ ಶೀಟು. ಇದು ಅವನ ನಿಜವಾದ ವೇಷ. ಆದರೆ ಈ ವೇಷದಲ್ಲಿ ಅವನು ಕಂಡದ್ದು ಕಡಿಮೆ. ನಮ್ಮ ಕಡೆಯ ಕಂಡಕ್ಟರುಗಳಿಗೆ ಒಂದು ಪದ್ಧತಿ ಉಂಟು. ಎದುರಿನಿಂದ ಬರುವ ಬಸ್ಸಿನ ಡ್ರೈವರ್ ಎರಡು ಬೆರಳು ಹಣೆಗೆ ತಾಗಿಸಿದರೆ ಮುಂದೆ ಚೆಕ್ಕಿಂಗ್ ಕಾದಿದೆ ಎಂದು ಅರ್ಥ. ಅದು ಗೊತ್ತಿದ್ದ ಶೀನಣ್ಣ ಲುಂಗಿ ಉಟ್ಟು, ತಲೆಗೆ ಬೈರಾಸು ಸುತ್ತಿ, ಬಸಳೆಯ ಕಟ್ಟು ಹಿಡಿದು ಗುರುವಾಯನಕೆರೆಯಲ್ಲಿ ಬಸ್ಸು ಹತ್ತಿ, ತಾನೇ ಟಿಕೆಟ್ ಕೊಂಡು, ಹಿಂದಿನ ಸೀಟಿನಲ್ಲಿ ನಿದ್ರೆ ಬಂದವನ ಹಾಗೆ ಕೂರುತ್ತಿದ್ದ. ಎರಡು ಸ್ಟಾಪು ಕಳೆದ ಮೇಲೆ ಬಸಳೆಯೊಳಗಿಂದ ಶೀಟು ಹೊರಗೆ ಬರುತ್ತಿತ್ತು. ಎಷ್ಟೋ ದಿನ ಬಸಳೆ ಕಟ್ಟು ಹಿಡಿದ ನಿರಪರಾಧಿಗಳನ್ನೆಲ್ಲ ಕಂಡಕ್ಟರುಗಳು ಹೆದರಿಕೆಯಿಂದ ನೋಡುತ್ತಿದ್ದರು.

"ನಂಬಿಕೆ ಉಂಟು ಮಾರಾಯ, ಆದ್ರೂ ಒಮ್ಮೆ ತೋರಿಸು" ಎನ್ನುವುದು ಅವನ ಖಾಯಂ ಮಾತು. ಬಂಗುಡೆ ಮಾರುವವಳಿಗೂ ಅದನ್ನೇ ಹೇಳಿ ಒಂದೊಂದು ಮೀನಿನ ಕಿವಿರು ಎತ್ತಿ ನೋಡುತ್ತಿದ್ದ. ಡಾಕ್ಟರರು ಇಂಜೆಕ್ಷನ್ ಕೊಡುವ ಮೊದಲು ಅವರಿಗೂ ಹೇಳಿದ್ದಾನಂತೆ. ಇನ್ನೊಂದು ವಿಚಿತ್ರವೆಂದರೆ, ಮನೆಯಲ್ಲಿ ತುಳು ಬಿಟ್ಟು ಬೇರೆ ಮಾತಾಡದವನು ಬಸ್ಸಿನೊಳಗೆ ತುಳು ಮಾತಾಡುತ್ತಿರಲಿಲ್ಲ. ತುಳುವಿನಲ್ಲಿ ಕೇಳಿದರೆ ಸಲಿಗೆ ಬರುತ್ತದೆ, ಸಲಿಗೆ ಬಂದರೆ ಟಿಕೆಟ್ ಹೋಗುತ್ತದೆ ಎಂದು ಅವನ ಲೆಕ್ಕಾಚಾರ. ಪುಸ್ತಕ ಓದುವವನ ಹಾಗೆ "ದಯವಿಟ್ಟು ತಮ್ಮ ಟಿಕೆಟ್ ತೋರಿಸಿ" ಎಂದು ಕನ್ನಡದಲ್ಲಿ ಕೇಳುತ್ತಿದ್ದ.

ಹೀಗೆ ಅವನು ಕನ್ನಡದಲ್ಲಿ ಟಿಕೆಟ್ ಕೇಳಿದವರಲ್ಲಿ ನಮ್ಮ ಅಮ್ಮನೂ ಒಬ್ಬಳು. ಅಣ್ಣ ತಮ್ಮಂದಿರಾದ ನಾವು ಒಂಬತ್ತು ವರ್ಷ ಮಾತು ಬಿಟ್ಟದ್ದು ಅದರಿಂದ.

ಆಗ ನಾನು ಅದೇ ಕಂಪೆನಿಯ ಬಸ್ಸಿನಲ್ಲಿ ಕಂಡಕ್ಟರ್. ನಾರಾವಿಯಿಂದ ಅಳದಂಗಡಿ, ಗುರುವಾಯನಕೆರೆ, ಪುಂಜಾಲಕಟ್ಟೆ ದಾಟಿ ಬಂಟ್ವಾಳಕ್ಕೆ ಹೋಗುವ ಬಸ್ಸು. ಕೆಲಸ ಕೊಡಿಸಿದವನೂ ಶೀನಣ್ಣನೇ. ಒಂದು ಬೆಳಿಗ್ಗೆ ಅಳದಂಗಡಿಯಲ್ಲಿ ಅಮ್ಮ ಹತ್ತಿದಳು, ಪುಂಜಾಲಕಟ್ಟೆಯಲ್ಲಿದ್ದ ತನ್ನ ತಂಗಿಯ ಮನೆಗೆ. ಮುಂದಿನ ಸೀಟಿನಲ್ಲಿ ಕೂರಿಸಿದೆ. ಹೆತ್ತವಳಿಗೆ ಟಿಕೆಟ್ ಹರಿಯಲು ನನಗೆ ಕೈ ಬರಲಿಲ್ಲ. ಗುರುವಾಯನಕೆರೆ ದಾಟಿ ಸ್ವಲ್ಪ ದೂರ ಹೋಗುವಾಗ ಹಿಂದಿನ ಸೀಟಿನ ಬಸಳೆ ಕಟ್ಟು ಎದ್ದು ನಿಂತಿತು. ನೂಕುನುಗ್ಗಲಿನಲ್ಲಿ ಟಿಕೆಟ್ ಕೊಡುವಾಗ ಬೈರಾಸಿನ ಕೆಳಗಿನ ಮುಖ ನಾನು ನೋಡಿರಲಿಲ್ಲ. ಅಣ್ಣ ಹಿಂದಿನಿಂದ ಒಬ್ಬೊಬ್ಬರನ್ನೇ ನೋಡುತ್ತಾ ಮುಂದೆ ಬಂದು, ಅಮ್ಮನ ಎದುರು ನಿಂತು, "ದಯವಿಟ್ಟು ತಮ್ಮ ಟಿಕೆಟ್ ತೋರಿಸಿ" ಎಂದ. ಅಮ್ಮನ ಕೈಯಲ್ಲಿ ಏನೂ ಇರಲಿಲ್ಲ. ಅವನು ಶೀಟಿನಲ್ಲಿ ಬರೆದ, ನನ್ನಿಂದ ಸಹಿ ಹಾಕಿಸಿಕೊಂಡ, ಇಳಿದು ಹೋದ. ಸಂಜೆಯೊಳಗೆ ನನ್ನ ಕೆಲಸ ಹೋಯಿತು.

ಊರಿಡೀ ನಕ್ಕಿತು. ಅಮ್ಮನನ್ನೇ ಹಿಡಿದುಕೊಟ್ಟ ಮಗ ಎಂದು ಅಣ್ಣನನ್ನು ನೋಡಿ ನಕ್ಕರು, ಅಮ್ಮನಿಂದ ಕೆಲಸ ಕಳೆದುಕೊಂಡವ ಎಂದು ನನ್ನನ್ನು ನೋಡಿ ನಕ್ಕರು. ತಿಂಗಳೊಳಗೆ ಮೂಡುಬಿದಿರೆಯ ಇನ್ನೊಬ್ಬ ಬಸ್ ಮಾಲೀಕರ ಹತ್ತಿರ ಹೋದೆ. "ಅಮ್ಮನಿಗೆ ಟಿಕೆಟ್ ಕೊಡದ್ದಕ್ಕೆ ತೆಗೆದದ್ದಾ? ಅದೊಂದೇ ಅಲ್ವಾ? ನಾಳೆಯೇ ಬಾ" ಎಂದು ಅವರೂ ಹೊಟ್ಟೆ ಹಿಡಿದು ನಕ್ಕರು. ಈಗ ಅವರದ್ದೇ ಬಸ್ಸುಗಳಿಗೆ ಮೂಡುಬಿದಿರೆಯಲ್ಲಿ ಟೈಮ್ ಕೀಪರ್ ಆಗಿದ್ದೇನೆ. ಹೊಟ್ಟೆಗೆ ತೊಂದರೆಯಾಗಲಿಲ್ಲ. ಆದರೆ ತುಂಬಿದ ಬಸ್ಸಿನಲ್ಲಿ ತಲೆ ತಗ್ಗಿಸಿ ಕೂತ ಅಮ್ಮನ ನೆತ್ತಿ ನನಗೆ ಮರೆತುಹೋಗಲಿಲ್ಲ. ತಪ್ಪಾಯಿತು ಎಂದು ಅಣ್ಣ ಒಂದು ಮಾತು ಹೇಳಲಿ, ಆಮೇಲೆ ನೋಡುವ ಎಂದು ಹಟ ಹಿಡಿದೆ. ಎರಡು ವರ್ಷದಲ್ಲಿ ಅಮ್ಮ ತೀರಿಕೊಂಡಳು. ಚಿತೆಯ ಒಂದು ಕಡೆ ಅವನು, ಇನ್ನೊಂದು ಕಡೆ ನಾನು ನಿಂತೆವು. ಅಲ್ಲಿಯೂ ಹೇಳಲಿಲ್ಲ.

ನಮ್ಮಿಬ್ಬರ ನಡುವೆ ಹುಟ್ಟಿದವಳು ಜಲಜಕ್ಕ. ಮೂಡುಬಿದಿರೆಯಲ್ಲಿ ರವಿಕೆ ಹೊಲಿಯುತ್ತಾಳೆ. ಕಳೆದ ವರ್ಷ ಒಂದು ಆದಿತ್ಯವಾರ ಫೋನ್ ಮಾಡಿ, "ತುಳು ಪಿಚ್ಚರ್ ಬಂದಿದೆ, ನಗಾಡಿ ನಗಾಡಿ ಸಾಯ್ಬೇಕಂತೆ. ಟಿಕೆಟ್ ತೆಗ್ದಾಗಿದೆ, ಬಾ" ಎಂದಳು. ಜಲಜಕ್ಕ ತನ್ನ ದುಡ್ಡಿನಲ್ಲಿ ಯಾರಿಗೂ ಕಡಲೆಯನ್ನೂ ಕೊಡಿಸಿದವಳಲ್ಲ. ನನಗೆ ಆಗಲೇ ಸಂಶಯ ಬಂತು.

ಟಾಕೀಸಿನಲ್ಲಿ ದೀಪ ಆರಿದ ಮೇಲೆ ಒಬ್ಬ ಮನುಷ್ಯ ಮೊಬೈಲಿನ ಬೆಳಕಿನಲ್ಲಿ ಟಿಕೆಟನ್ನೂ ಸೀಟಿನ ನಂಬರನ್ನೂ ಮೂರು ಸಲ ತಾಳೆ ನೋಡಿದ. ಮುಖ ಕಾಣದಿದ್ದರೂ ಯಾರೆಂದು ಗೊತ್ತಾಯಿತು. ಜಲಜಕ್ಕನನ್ನು ನಡುವೆ ಬಿಟ್ಟು ಆಚೆ ಕೂತ. ಐದು ನಿಮಿಷದಲ್ಲಿ ಜಲಜಕ್ಕ "ನೀರು ತರ್ತೇನೆ" ಎಂದು ಎದ್ದು ಹೋದವಳು ಬರಲೇ ಇಲ್ಲ. ನಮ್ಮಿಬ್ಬರ ನಡುವಿನ ಖಾಲಿ ಸೀಟಿನಲ್ಲಿ ಅವಳ ವ್ಯಾನಿಟಿ ಬ್ಯಾಗ್ ಉಳಿಯಿತು. ಶೀನಣ್ಣ ಮೆಲ್ಲಗೆ ಅದರ ಮೇಲೆ ಕೈ ಇಟ್ಟ. ನನ್ನಿಂದ ಕಾಯುವುದಕ್ಕೆ! ನಾನೂ ಬಿಡದೆ ಅದರ ಬಾರನ್ನು ಹಿಡಿದುಕೊಂಡೆ.

ಪಿಚ್ಚರ್ ಏನೆಂದು ಹೇಳಲಿ? ಮಾತು ಬಿಟ್ಟ ಇಬ್ಬರು ಅಣ್ಣ ತಮ್ಮ ಮತ್ತು ಒಬ್ಬಳು ತಂಗಿ, ಮಾವನ ಮಗಳ ಮದುವೆಗೆ ಒಂದೇ ಕಾರಿನಲ್ಲಿ ಹೋಗಬೇಕಾಗುತ್ತದೆ. ಕಾರು ಕೆಡುತ್ತದೆ, ತಳ್ಳುತ್ತಾರೆ, ಜಗಳವಾಡುತ್ತಾರೆ, ಕೆಸರಿನಲ್ಲಿ ಬೀಳುತ್ತಾರೆ. ಟಾಕೀಸಿಗೆ ಟಾಕೀಸೇ ಹೊರಳಾಡಿ ನಗುತ್ತಿತ್ತು. ನಾವಿಬ್ಬರು ಮಾತ್ರ ನಗಲಿಲ್ಲ. ನಮ್ಮ ಮನೆಯ ವಿಷಯವನ್ನು ಜಲಜಕ್ಕ ಆ ಪಿಚ್ಚರಿನವರಿಗೆ ಹೇಳಿಕೊಟ್ಟಿದ್ದಾಳೆಂದೇ ನನ್ನ ಅನುಮಾನ. ಅವನಿಗೂ ಅದೇ ಅನುಮಾನ ಇತ್ತೆಂದು ಆಮೇಲೆ ಗೊತ್ತಾಯಿತು.

ಕೊನೆಗೆ ಪಿಚ್ಚರಿನ ಆ ಮೂವರೂ ತಬ್ಬಿಕೊಂಡು ಅತ್ತರು. ಮುಂದಿನ ಸಾಲಿನ ಹೆಂಗಸರೂ ಅತ್ತರು. ಆಗ ಕತ್ತಲಲ್ಲಿ ಒಂಬತ್ತು ವರ್ಷದ ಮೇಲೆ ಅಣ್ಣನ ಧ್ವನಿ ಕೇಳಿತು. ನೋಡುತ್ತಿದ್ದದ್ದು ಪರದೆಯನ್ನೇ.

"ಇಷ್ಟು ಬೇಗ ಯಾರು ಸರಿ ಆಗ್ತಾರೆ? ಎಂತದೋ ಉಂಟು ಒಳಗೆ."

ನನಗೂ ಅದೇ ಹೊಳೆದಿತ್ತು. ತಡೆಯಲಾಗದೆ ಹೇಳಿದೆ, "ತಮ್ಮನ ಸಹಿ ಬೇಕಾಗಿರ್ಬೇಕು. ಜಾಗದ ವಿಷಯ."

"ಹಾಂ. ಅಲ್ಲದಿದ್ರೆ ಆ ಅಣ್ಣ ಅಷ್ಟು ಅಳ್ಲಿಕ್ಕಿಲ್ಲ." ಮತ್ತೆ ಸೇರಿಸಿದ, "ಬಾಲ್ಕನಿಯಲ್ಲಿ ಮೂರು ಜನ ಟಿಕೆಟ್ ಇಲ್ಲದೆ ಕೂತಿದ್ದಾರೆ."

ನಾನು ನಕ್ಕುಬಿಟ್ಟೆ. ಅವನೂ ನಕ್ಕ. ಪರದೆಯ ಮೇಲೆ ಎಲ್ಲರೂ ಅಳುವಾಗ ನಾವಿಬ್ಬರು ನಗುವುದನ್ನು ಕಂಡು ಮುಂದಿನ ಸಾಲಿನವರು ತಿರುಗಿ ನೋಡಿದರು. ಬಾಗಿಲ ಹತ್ತಿರ ನಿಂತಿದ್ದ ಜಲಜಕ್ಕ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಅಲ್ಲಿಂದ ಮೇಲೆ ಪ್ರತಿ ಶನಿವಾರ ಮಧ್ಯಾಹ್ನ ಶೀನಣ್ಣ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿಗೆ ಬರತೊಡಗಿದ. ಅವನಿಗೆ ಆಗಲೇ ಕೆಲಸದಿಂದ ನಿವೃತ್ತಿಯಾಗಿತ್ತು. ನನ್ನ ಪಕ್ಕದ ಸ್ಟೂಲಿನಲ್ಲಿ ಕೂತು ಚಾ ಕುಡಿಯುತ್ತಾ, ಬಸ್ಸುಗಳನ್ನು ದೂರದಿಂದಲೇ ನೋಡಿ, "ಇವ ಎರಡು ನಿಮಿಷ ಕದ್ದಿದ್ದಾನೆ", "ಆ ಕಂಡಕ್ಟರನ ನಗೆ ಸರಿ ಇಲ್ಲ" ಎಂದು ವರದಿ ಕೊಡುತ್ತಿದ್ದ. ಬರುವಾಗ ಕೈಯಲ್ಲಿ ಏನಾದರೂ ತರುತ್ತಿದ್ದ. ಒಂದು ಸಲ ಹಲಸಿನ ಹಪ್ಪಳ, ಒಂದು ಸಲ ನನ್ನ ಮಗಳಿಗೆ ಜ್ಯಾಮಿಟ್ರಿ ಬಾಕ್ಸು. ನನಗೆ ಖುಷಿಯಾಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅವನು ಬಸ್ಸು ಹತ್ತಿದ ಮೇಲೆ ಸಂಶಯ ಶುರುವಾಗುತ್ತಿತ್ತು. ಇವನಿಗೆ ಎಂತ ಬೇಕು? ಅಳದಂಗಡಿಯ ಮನೆ ಅಮ್ಮನ ಹೆಸರಿನಿಂದ ಬದಲಾಗಿರಲಿಲ್ಲ. ನನ್ನ ಸಹಿ ಇಲ್ಲದೆ ಅದು ಆಗುವ ಹಾಗಿರಲಿಲ್ಲ. ಹಪ್ಪಳ ಹುರಿಯುವ ಹೆಂಡತಿಗೆ, "ನೋಡುತ್ತಾ ಇರು, ಇದರ ಹಿಂದೆ ಕಾಗದ ಬರ್ತದೆ" ಎಂದು ಹೇಳುತ್ತಿದ್ದೆ.

ಈ ಮಳೆಗಾಲದ ಮೊದಲು ಎರಡು ಶನಿವಾರ ಅವನು ಬರಲಿಲ್ಲ. ಎದೆಯ ತೊಂದರೆ, ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ, ನಿನ್ನನ್ನು ಕೇಳುತ್ತಿದ್ದಾನೆ ಎಂದು ಜಲಜಕ್ಕ ಹೇಳಿದಳು. ಕೇಳುತ್ತಿದ್ದಾನೆ ಎಂದದ್ದೇ ನನಗೆ ಕಾಗದ ಕಣ್ಣೆದುರು ಬಂತು. ಆದರೂ ಒಂದು ಮಂಗಳವಾರ ಅಳದಂಗಡಿಗೆ ಹೋದೆ. ಚಾವಡಿಯಲ್ಲಿ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಅಂಗಿ ದೊಡ್ಡದಾಗಿ ಕಾಣುತ್ತಿತ್ತು. ಅವನ ಹೆಂಡತಿ ಯಶೋದತ್ತಿಗೆ ಚಾ ಇಟ್ಟು ಒಳಗೆ ಹೋದರು. ನಾನು ಕಾಯಲಿಲ್ಲ.

"ಸಹಿ ಎಲ್ಲಿ ಹಾಕ್ಬೇಕು?" ಎಂದೆ.

"ಎಂತ ಸಹಿ?"

"ಮನೆಯದ್ದು. ಅದಕ್ಕೆ ಅಲ್ವಾ ಇಷ್ಟು ದಿನ ಹಪ್ಪಳ?"

ಅವನು ನನ್ನನ್ನೇ ನೋಡಿದ. ಆಮೇಲೆ ಉಸಿರು ಸಿಕ್ಕಿಕೊಳ್ಳುವಷ್ಟು ನಕ್ಕ. "ನನ್ನ ತಮ್ಮನೇ ನೀನು, ಸಂಶಯ ಇಲ್ಲ" ಎಂದ. ಕಾಗದ ಯಾವುದೂ ಇರಲಿಲ್ಲ. ಅವನಿಗೆ ಮಾತಾಡಲು ಜನ ಬೇಕಾಗಿತ್ತು, ಅಷ್ಟೇ. ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ಸಿಟ್ಟು ಬಂತು. ಹತ್ತು ವರ್ಷದಿಂದ ಕೇಳದೆ ಉಳಿದದ್ದನ್ನು ಕೇಳಿಯೇಬಿಟ್ಟೆ.

"ಅಮ್ಮನ ಹೆಸರು ಯಾಕೆ ಬರೆದೆ?"

ಇಲ್ಲಿಯವರೆಗೆ ಓದಿದವರಿಗೆ ನಾನು ಒಂದು ವಿಷಯ ಹೇಳದೆ ಬಂದಿದ್ದೇನೆ. ಹೆಂಡತಿಗೂ ಹೇಳಿರಲಿಲ್ಲ. ಆ ದಿನ ಬಸ್ಸಿನಲ್ಲಿ ಟಿಕೆಟ್ ಇಲ್ಲದೆ ಕೂತವಳು ಅಮ್ಮ ಒಬ್ಬಳೇ ಅಲ್ಲ. ಇನ್ನೂ ಆರು ಜನ ಇದ್ದರು. ಅರ್ಧ ದುಡ್ಡು ಕೊಡಿ, ಟಿಕೆಟ್ ಬೇಡ ಎಂದು ದಿನವೂ ಹೋಗುವವರಿಗೆ ಹೇಳಿ ಅದನ್ನು ನಾನು ಕಿಸೆಗೆ ಹಾಕುತ್ತಿದ್ದೆ. ಎಲ್ಲರೂ ಮಾಡುತ್ತಾರೆ ಎಂಬ ಧೈರ್ಯ ನನಗಿತ್ತು. ಆ ಆರು ಜನ ಅಣ್ಣನ ಕಣ್ಣಿಗೆ ಬೀಳಲಿಲ್ಲ, ಅಮ್ಮನನ್ನು ಹಿಡಿಯುವ ಅವಸರದಲ್ಲಿ ತಪ್ಪಿಹೋಯಿತು ಎಂದು ಇಷ್ಟು ವರ್ಷ ತಿಳಿದಿದ್ದೆ.

"ಉಳಿದವರದ್ದು ನಿನಗೆ ಗೊತ್ತಾಗ್ಲಿಲ್ಲ ಅಲ್ವಾ? ಆರು ಜನ" ಎಂದೆ.

"ಏಳು" ಎಂದ ಶೀನಣ್ಣ. "ಹಿಂದಿನ ಬಾಗಿಲಲ್ಲಿ ಕೊಡೆ ಹಿಡ್ಕೊಂಡು ಒಬ್ಬ ಇದ್ದ, ನೀನು ಮರೆತಿದ್ದೀ. ಮಾಲೀಕರಿಗೆ ನಿನ್ನ ಮೇಲೆ ದೂರು ಹೋಗಿತ್ತು. ಹಿಡಿದು ಬರೀಬೇಕು, ಪೋಲೀಸಿಗೆ ಕೊಡ್ತೇನೆ ಅಂತ ನನ್ನನ್ನೇ ಕಳಿಸಿದ್ರು. ಹಿಂದಿನಿಂದ ಎಣಿಸ್ತಾ ಬಂದೆ. ಏಳಾಯ್ತು. ಶೀಟಿನಲ್ಲಿ ಒಂದೂ ಬರೀಲಿಲ್ಲ. ಅಮ್ಮನ ಹತ್ರ ಬರುವಾಗ ಅವರು ನನ್ನ ಮುಖ ನೋಡಿದ್ರು, ಶೀಟು ನೋಡಿದ್ರು. 'ಎನ್ನ ಪುದರ್ ಬರೆಲ' ಅಂದ್ರು. ಅವರ ಹೆಸರೇ ಬರೆದೆ. ಅದೊಂದೇ ಬರೆದೆ."

ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ. ನಾನು ಚಾದ ಲೋಟವನ್ನೇ ನೋಡುತ್ತಿದ್ದೆ.

"ಅಮ್ಮನ ಟಿಕೆಟ್ ಅಂದ್ರೆ ಜನ ನಗಾಡ್ತಾರೆ, ಬಿಡ್ತಾರೆ. ಏಳು ಜನರದ್ದು ಬರೆದಿದ್ರೆ ನಿನಗೆ ಯಾರು ಮಾರಾಯ ಮತ್ತೆ ಬಸ್ಸಲ್ಲಿ ಕೆಲಸ ಕೊಡ್ತಾ ಇದ್ರು? ನಿನಗೆ ಹೇಳ್ಬಾರ್ದು ಅಂತ ಅಮ್ಮ ಆಣೆ ಹಾಕಿದ್ರು. ಗೊತ್ತಾದ್ರೆ ನೀನು ತಲೆ ಎತ್ತಿ ನಡೆಯುವುದಿಲ್ಲ ಅಂತ."

ನಾನು ಆಗಲೇ ಅವನ ಕೈ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲೂ ನನ್ನ ಹಾಳು ಬುದ್ಧಿಗೆ ಸಂಶಯ. ತೀರಿಹೋದ ಅಮ್ಮನನ್ನು ಸಾಕ್ಷಿಗೆ ಕರೆದು ಇವನು ತನ್ನನ್ನು ಒಳ್ಳೆಯವನು ಮಾಡಿಕೊಳ್ಳುತ್ತಿದ್ದಾನೆಯೇ? ಮೊದಲು ಜಲಜಕ್ಕನ ಹತ್ತಿರ ಕೇಳುವ, ಖಾತ್ರಿಯಾದರೆ ಬಂದು ಹೇಳುವ ಎಂದು ಲೆಕ್ಕ ಹಾಕಿದೆ. "ಶನಿವಾರ ಬರ್ತೇನೆ" ಎಂದು ಎದ್ದೆ. "ಐದೂಕಾಲರ ಬಸ್ಸು ಹಿಡಿ, ಅದರ ನಂತರದವ ತುಂಬ ಕಡೆ ನಿಲ್ಲಿಸ್ತಾನೆ" ಎಂದ.

ಗುರುವಾರ ಜಲಜಕ್ಕನ ಹತ್ತಿರ ಕೇಳಿದೆ. ಮಿಷನ್ನಿನ ಚಕ್ರ ನಿಲ್ಲಿಸಿ ಅವಳು ಹೊಲಿಯುತ್ತಿದ್ದ ರವಿಕೆಯನ್ನು ಮಡಚಿಟ್ಟಳು. ಅಮ್ಮ ಸಾಯುವ ಮೊದಲು ಅವಳಿಗೂ ಹೇಳಿದ್ದಳಂತೆ, ಅವಳಿಂದಲೂ ಆಣೆ ತೆಗೆದುಕೊಂಡಿದ್ದಳಂತೆ. ಎಲ್ಲವೂ ತಾಳೆಯಾಯಿತು, ಕೊಡೆಯವನೊಬ್ಬನನ್ನು ಬಿಟ್ಟು. ಅವನ ವಿಷಯ ಅಣ್ಣನಿಗೆ ಮಾತ್ರ ಗೊತ್ತಿದ್ದದ್ದು.

ಶುಕ್ರವಾರ ಬೆಳಿಗ್ಗೆ, ವೇಣೂರಿನ ಬಸ್ಸಿಗೆ ಟೈಮ್ ಬರೆಯುತ್ತಿರುವಾಗ ಯಶೋದತ್ತಿಗೆಯ ಫೋನ್ ಬಂತು, ಅಣ್ಣ ಹೋದನೆಂದು. ತಪ್ಪಾಯಿತು ಎನ್ನುವ ಮಾತನ್ನು ನಾನು ಶನಿವಾರಕ್ಕೆ ಇಟ್ಟುಕೊಂಡಿದ್ದೆ.