ಮೀನಿಗೆ ಕಟ್ಟಿದ ಮಲ್ಲಿಗೆ ಗಂಟು

ನಾನು ಕಟ್ಟಿದ ಮೊದಲ ನೊಣ ಮೂರನೇ ಸಲ ನೀರಿಗೆ ಬೀಳುವಷ್ಟರಲ್ಲೇ ಬಿಚ್ಚಿಕೊಂಡಿತು. ಬರೀ ಗಾಳ ದಾರದ ತುದಿಯಲ್ಲಿ ನೇತಾಡುತ್ತಿತ್ತು. ಗರಿ, ನೂಲು ಎಲ್ಲ ಐರ್ಲೆಂಡಿನ ವಿಕ್ಲೋ ಬೆಟ್ಟದ ತೊರೆಯ ಪಾಲಾಗಿದ್ದವು. ದಡದಲ್ಲಿ ನಿಂತಿದ್ದ ನನ್ನ ಗಂಡನಿಗೆ ನಗು ಬಂತು, ನಗುವ ಧೈರ್ಯ ಬರಲಿಲ್ಲ. ಇವರು ಸುಮ್ಮನೆ ಕೆಮ್ಮಿ, ತಮ್ಮ ಡಬ್ಬಿಯಿಂದ ಅಂಗಡಿಯ ನೊಣವೊಂದನ್ನು ತೆಗೆದು ನನ್ನ ದಾರಕ್ಕೆ ಕಟ್ಟಿಕೊಡಲು ಬಂದರು. ನಾನು ಗಾಳದ ಕೋಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.

ನೊಣವೆಂದರೆ ನಿಜವಾದ ನೊಣವಲ್ಲ. ಟ್ರೌಟ್ ಮೀನು ನೀರಿನ ಮೇಲೆ ಕೂರುವ ಹುಳುಗಳನ್ನು ತಿನ್ನುತ್ತದೆ. ಆ ಹುಳುವಿನ ಹಾಗೆ ಕಾಣಲಿ ಎಂದು ಉಗುರಿನಷ್ಟು ಚಿಕ್ಕ ಗಾಳಕ್ಕೆ ಕೋಳಿ ಗರಿ, ಮೊಲದ ಕೂದಲು, ನೂಲು ಎಲ್ಲ ಸುತ್ತಿ ಕಟ್ಟುತ್ತಾರೆ. ಐರ್ಲೆಂಡಿನವರು ಫ್ಲೈ ಅನ್ನುತ್ತಾರೆ. ನಾನು ಮೊದಲ ದಿನದಿಂದ ನೊಣ ಅಂತಲೇ ಕರೆದೆ, ಇವರೂ ಈಗ ಹಾಗೇ ಕರೆಯುತ್ತಾರೆ.

ಈ ಹುಚ್ಚು ಮೊದಲು ಹಿಡಿದದ್ದು ಇವರಿಗೆ. ಸ್ಯಾಂಟ್ರಿ ಅನ್ನುವ ಬಡಾವಣೆಯ ಆಫೀಸಿನಲ್ಲಿ ಇವರ ಪಕ್ಕ ಕೂರುವವನೊಬ್ಬ ಒಂದು ಭಾನುವಾರ ತೊರೆಗೆ ಕರೆದುಕೊಂಡು ಹೋದ, ಅಷ್ಟೇ. ಆಮೇಲೆ ಶನಿವಾರ ಬಂತೆಂದರೆ ಚಿತ್ರಾನ್ನದ ಡಬ್ಬಿ, ಟೀ ಫ್ಲಾಸ್ಕು, ಮೊಣಕಾಲಿನವರೆಗಿನ ರಬ್ಬರ್ ಬೂಟು ಕಾರಿಗೆ ತುಂಬಿಕೊಂಡು ಇಬ್ಬರೂ ಹೊರಡುವುದು. ದೊಡ್ಡ ನದಿಗಳು ಇವರಿಗೆ ಬೇಡ. ಕುರಿ ಮೇಯುವ ಹೊಲಗಳ ನಡುವೆ, ನಾಲ್ಕು ಹೆಜ್ಜೆಗೆ ದಾಟಬಹುದಾದ ತೊರೆಗಳೇ ಬೇಕು. ಮೀನು ಹಿಡಿಯುವುದು, ನೋಡುವುದು, ವಾಪಸ್ ನೀರಿಗೆ ಬಿಡುವುದು. ತಿನ್ನುವುದಿಲ್ಲ ಅಂದಮೇಲೆ ಹಿಡಿಯೋದು ಯಾಕೆ ಎಂದು ಮೈಸೂರಿನಿಂದ ನಮ್ಮಮ್ಮ ಪ್ರತಿ ವಾರ ಕೇಳುತ್ತಾಳೆ. ಪ್ರತಿ ವಾರವೂ ನಾನು ಮಾತನ್ನು ಇಲ್ಲಿಯ ಮಳೆಯ ಕಡೆಗೆ ತಿರುಗಿಸುತ್ತೇನೆ.

ನಾನು ಮೊದಲ ನೊಣ ಕಟ್ಟಿದ ವರ್ಷ ಮಾರ್ಚ್‌ನಲ್ಲಿ, ಮೀನಿನ ಸೀಸನ್ ಶುರುವಾದ ವಾರವೇ, ತೊರೆ ದಾಟುವಾಗ ಪಾಚಿಗಲ್ಲಿನ ಮೇಲೆ ಜಾರಿ ಬಿದ್ದೆ. ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಪ್ಲೇಟು, ಸ್ಕ್ರೂ ಹಾಕಿದರು. ಮೂಳೆ ಚೆನ್ನಾಗಿ ಕೂಡಿಕೊಂಡಿತು, ಹೆಬ್ಬೆರಳು ಮಾತ್ರ ನನ್ನ ಮಾತು ಕೇಳುವುದನ್ನು ನಿಲ್ಲಿಸಿತು. ಚಪಾತಿ ಹಿಟ್ಟು ನಾದಬಲ್ಲೆ, ಸೂಜಿ ಹಿಡಿಯಲಾರೆ.

ಬೇರೆ ಕೆಲಸದವಳಾಗಿದ್ದರೆ ಹಾಳಾಗಿ ಹೋಗಲಿ ಅನ್ನುತ್ತಿದ್ದೆನೋ ಏನೋ. ನಾನು ಆಪರೇಷನ್ ಥಿಯೇಟರಿನ ನರ್ಸ್. ಸರ್ಜನ್ ಕೈ ಚಾಚಿದರೆ ಬೇಕಾದ ಸಲಕರಣೆ ಅವರ ಅಂಗೈಗೆ ಟಪ್ ಅಂತ ಬೀಳಬೇಕು, ಅವರು ಕಣ್ಣೆತ್ತಿ ನೋಡುವಂತಿರಬಾರದು. ಹದಿನಾಲ್ಕು ವರ್ಷ ಅದನ್ನೇ ಮಾಡಿದವಳು. ಅಕ್ಟೋಬರ್ ಮೊದಲ ವಾರ ಕೈ ಪರೀಕ್ಷೆ ಮಾಡುತ್ತೇವೆ, ಬೆರಳು ಒಪ್ಪಿದರೆ ಮತ್ತೆ ಥಿಯೇಟರು, ಇಲ್ಲದಿದ್ದರೆ ಹೊರರೋಗಿಗಳ ಮೇಜು ಎಂದು ಆಸ್ಪತ್ರೆಯವರು ಹೇಳಿದರು. ಮೃದುವಾಗಿಯೇ ಹೇಳಿದರು. ಮನೆಗೆ ಬಂದು ಬಾತ್‌ರೂಮಿನ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತೆ. ನನಗೆ ಭಯವಾಗಿತ್ತು, ಅದನ್ನು ಮುಚ್ಚಿಟ್ಟು ಏನಾಗಬೇಕು?

ಇವರ ಮೀನಿನ ಚೀಲದಲ್ಲಿ ಸಣ್ಣ ಇಕ್ಕಳದಂಥ ಒಂದು ಫೋರ್ಸೆಪ್ಸ್ ಇತ್ತು. ಮೀನಿನ ಬಾಯಿಂದ ಗಾಳ ತೆಗೆಯಲು ಎಲ್ಲರೂ ಇಟ್ಟುಕೊಳ್ಳುತ್ತಾರೆ. ಥಿಯೇಟರಿನಲ್ಲಿ ದಿನಕ್ಕೆ ನೂರು ಸಲ ನನ್ನ ಕೈ ದಾಟಿ ಹೋಗುವ ಸಲಕರಣೆಯೂ ಅದೇ. ಬೆರಳು ಹಾಕಲು ಕತ್ತರಿಯ ಹಾಗೆ ಎರಡು ಬಳೆ. ಒತ್ತಿದರೆ ಟಿಕ್ ಅಂತ ಕಚ್ಚಿಕೊಳ್ಳುತ್ತದೆ. ಬಿಡಿಸಬೇಕಾದರೆ ಹೆಬ್ಬೆರಳಿನಿಂದ ಒಂದು ಬಳೆಯನ್ನು ಸ್ವಲ್ಪ ಪಕ್ಕಕ್ಕೆ ತಳ್ಳಬೇಕು. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ನಿಂತು ಅದನ್ನು ಒತ್ತಿದೆ, ಕಚ್ಚಿಕೊಂಡಿತು. ಬಿಡಿಸಲು ಆಗಲಿಲ್ಲ. ಇವರು ಬಂದು ನನ್ನ ಬೆರಳಿನಿಂದ ಅದನ್ನು ಕಳಚಿ, ಬಿಡಿಸಿ, ಚೀಲಕ್ಕೆ ಹಾಕಿದರು. ಅಂದಿನಿಂದ ಎಲ್ಲವನ್ನೂ ಇವರೇ ಬಿಡಿಸತೊಡಗಿದರು. ಉಪ್ಪಿನಕಾಯಿ ಬಾಟಲಿಯ ಮುಚ್ಚಳ, ನನ್ನ ಕೋಟಿನ ಜಿಪ್ಪು, ಕಿತ್ತಳೆ ಹಣ್ಣಿನ ಸಿಪ್ಪೆ.

ಫಿಸಿಯೋಥೆರಪಿಯವರು ಹಿಸುಕಲು ಒಂದು ಜಿಗುಟು ಉಂಡೆ ಕೊಟ್ಟಿದ್ದರು. ಎರಡು ವಾರ ಹಿಸುಕಿದೆ, ತಲೆ ಕೆಟ್ಟುಹೋಯಿತು. ಊಟದ ಮೇಜಿನ ಮೇಲೆ ನೊಣ ಕಟ್ಟುವ ಪುಟ್ಟ ಹಿಡಿಕಟ್ಟು ಇತ್ತು, ಗಾಳವನ್ನು ಕಚ್ಚಿ ಹಿಡಿದುಕೊಳ್ಳುವಂಥದ್ದು. ಇವರು ಆಸೆಪಟ್ಟು ತಂದು ಬಳಸದೆ ಬಿಟ್ಟಿದ್ದರು. ಅದನ್ನು ನನ್ನ ಕಡೆಗೆ ತಿರುಗಿಸಿಕೊಂಡೆ. ಅವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ: ಸೆಪ್ಟೆಂಬರ್ ಕೊನೆಗೆ ಸೀಸನ್ ಮುಗಿಯುವುದರೊಳಗೆ ನಾನೇ ಕಟ್ಟಿದ ನೊಣದಿಂದ, ಯಾರ ಕೈಯೂ ತಾಗದೆ, ಒಂದೇ ಒಂದು ಟ್ರೌಟ್. ಅದು ಆದರೆ ಅಕ್ಟೋಬರ್ ಪರೀಕ್ಷೆಗೆ ಹೆದರುವುದಿಲ್ಲ.

ಹಠಕ್ಕೆ ಕಾರಣವೂ ಇತ್ತು. ನಮ್ಮಮ್ಮ ಮೈಸೂರಿನ ಮಾರ್ಕೆಟ್ಟಿನ ಹತ್ತಿರ ಕೂತು ಹೂ ಕಟ್ಟಿ ಮಾರಿದವಳು. ಶಾಲೆಯಿಂದ ಬಂದು ಅವಳ ಪಕ್ಕ ಕೂತರೆ ನಾನೂ ಒಂದು ಮಾರು ಮಲ್ಲಿಗೆಯನ್ನು ಮಾತಾಡುತ್ತಾ ಮಾತಾಡುತ್ತಾ ಕಟ್ಟಿ ಮುಗಿಸುತ್ತಿದ್ದೆ. ಕಣ್ಣು ಬೇಡ, ಸೂಜಿ ಬೇಡ. ಎರಡು ಬೆರಳಿಗೆ ನೂಲು ಸುತ್ತಿ ತೊಟ್ಟಿಗೆ ಹಾಕಿ ಎಳೆದರೆ ಆಯಿತು. ಆ ಬೆರಳಿಗೆ ಒಂದು ನೊಣ ಯಾವ ಲೆಕ್ಕ?

ಕಟ್ಟಿದೆ. ಒಂದಕ್ಕೆ ಮೊದಮೊದಲು ಒಂದು ಗಂಟೆ ಹಿಡಿಯಿತು, ಆಮೇಲೆ ಅರ್ಧ ಗಂಟೆ. ನೋಡಲು ಲಕ್ಷಣವಾಗಿದ್ದವು. ಜೂನ್ ಹೊತ್ತಿಗೆ ಡಬ್ಬಿ ತುಂಬ ನೊಣ. ತೊರೆಗೆ ಹೋದರೆ ಬೀಸಿದವೆಲ್ಲ ಒಂದೊಂದಾಗಿ ಬಿಚ್ಚಿಕೊಂಡವು. ಒಂದು ಸಲ ಮೀನು ಕಚ್ಚಿಯೂ ಕಚ್ಚಿತು. ಗರಿಯನ್ನು ಕಿತ್ತುಕೊಂಡು ಗಾಳವನ್ನು ನನಗೆ ಬಿಟ್ಟುಹೋಯಿತು. ಸಿಟ್ಟಿನಲ್ಲಿ ಡಬ್ಬಿಯನ್ನೇ ನೀರಿಗೆ ಎಸೆಯಲು ಹೋಗಿದ್ದೆ, ಡಬ್ಬಿ ಇವರದ್ದಾದ್ದರಿಂದ ಬಿಟ್ಟೆ.

ಆ ಭಾನುವಾರ ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ನೊಣ ತೋರಿಸಿದೆ. ಕನ್ನಡಕ ಹಾಕಿಕೊಂಡು, ಕಟ್ಟಿ ತೋರಿಸು ಅಂದಳು. ತೋರಿಸಿದೆ. ಸ್ವಲ್ಪ ಹೊತ್ತು ನೋಡಿದಳು.

"ತೊಟ್ಟು ತುಂಡಾಗಬಾರದು ಅಂತ ನಿಂಗೆ ಮೆತ್ತಗೆ ಎಳಿಯೋದ್ ಕಲಿಸ್ದೆ. ಕಬ್ಬಿಣಕ್ಕೆ ಏನ್ ನೋವಾಗತ್ತೆ? ಬಿಗಿದ್ ಎಳಿ."

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ನಲವತ್ತು ನೊಣಗಳನ್ನು ನಾನು ಮಲ್ಲಿಗೆಯ ಹಾಗೆ ಕಟ್ಟಿದ್ದೆ, ಸಂಜೆ ಮುಡಿದು ಬೆಳಿಗ್ಗೆ ತೆಗೆದಿಡುವ ಹೂವಿಗೆ ಹಾಕುವಂಥ ಗಂಟಿನಲ್ಲಿ. ಬರೀ ಅಭ್ಯಾಸಬಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ನಿಜ ಏನೆಂದರೆ ಬಿಗಿದು ಎಳೆದರೆ ಹೆಬ್ಬೆರಳ ಬುಡದಿಂದ ಮೊಣಕೈವರೆಗೆ ನೋವು ಓಡುತ್ತಿತ್ತು. ಸಡಿಲ ಗಂಟು ನನಗೇ ಅನುಕೂಲವಾಗಿತ್ತು. ಮೀನಿಗೂ ಇವರಿಗೂ ಮೋಸ ಮಾಡದೆ ನನಗೆ ನಾನೇ ಮೋಸ ಮಾಡಿಕೊಂಡಿದ್ದೆ.

ಉಳಿದವನ್ನೆಲ್ಲ ಬ್ಲೇಡಿನಿಂದ ಬಿಚ್ಚಿ ಮತ್ತೆ ಶುರು ಮಾಡಿದೆ. ಮೊದಲು ಬರೀ ಗಾಳದ ಮೇಲೆ ನೂಲಿನ ಒಂದು ಪದರ, ಜಾರದಿರಲಿ ಎಂದು. ಆಮೇಲೆ ಗರಿ. ಒಂದೊಂದು ಸುತ್ತಿಗೂ ನೂಲು ಇನ್ನೇನು ಹರಿಯಿತು ಅನ್ನುವವರೆಗೆ ಎಳೆಯುವುದು. ದಿನಕ್ಕೆ ಎರಡಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ. ನೋವಿಗೆ ಹಲ್ಲು ಕಡಿಯುವ ಸದ್ದು ಕೇಳಿದರೆ ಇವರು ಓಡಿ ಬರುತ್ತಿದ್ದರು, ಕೊಡು ಕೊಡು ಅನ್ನುತ್ತಿದ್ದರು. ನಾನು ಕೊಡುತ್ತಿರಲಿಲ್ಲ.

ಸೆಪ್ಟೆಂಬರಿನ ಕೊನೆಗೆ ಇವರು ಹತ್ತು ದಿನ ರಜೆ ಹಾಕಿದರು. ಕಾರಿನಲ್ಲಿ ಪಶ್ಚಿಮದ ಲೀಟ್ರಿಮ್ ಜಿಲ್ಲೆಗೆ, ಅಲ್ಲಿಂದ ಮೇಯೋ ಜಿಲ್ಲೆಗೆ. ಮಳೆ ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಕೋಲು ಬೀಸುವುದಕ್ಕೆ ಮಣಿಕಟ್ಟು ಅಷ್ಟಾಗಿ ಬೇಕಿಲ್ಲ, ಮೊಣಕೈ ಸಾಕು, ಅದನ್ನು ಕಲಿತಿದ್ದೆ. ನೊಣ ಬಿಚ್ಚಿಕೊಳ್ಳುವುದು ನಿಂತಿತ್ತು. ಮೀನು ಮಾತ್ರ ಬರಲಿಲ್ಲ. ಒಂದು ತೊರೆಗೆ ಮಳೆಯಿಂದ ಕೆಂಪು ನೀರು ಬಂದಿತ್ತು, ಇನ್ನೊಂದರಲ್ಲಿ ಹಸುಗಳು ಇಳಿದಿದ್ದವು.

ಮೇಯೋದಲ್ಲಿ ಒಂದು ಹೊಲದ ನಡುವೆ ಹರಿಯುವ ತೊರೆ ಸಿಕ್ಕಿತು. ಹೊಲದ ಯಜಮಾನ ಎಪ್ಪತ್ತು ದಾಟಿದ ಮುದುಕ. ಅಪ್ಪಣೆ ಕೇಳಲು ಹೋದಾಗ ಗೇಟು ಮುಚ್ಚಿಕೊಂಡು ಹೋದರೆ ಸಾಕು ಅಂದ. ನನ್ನ ಡಬ್ಬಿ ನೋಡಿ, ಒಂದು ನೊಣವನ್ನು ಎಳೆದು ಜಗ್ಗಿ ಪರೀಕ್ಷಿಸಿ, ಗ್ರ್ಯಾಂಡ್ ಅಂದ, ಇಲ್ಲಿಯವರ ಮಾತಿನಲ್ಲಿ ಚೆನ್ನಾಗಿದೆ ಅಂತ. ಅಷ್ಟು ಖುಷಿ ನನಗೆ ನರ್ಸಿಂಗ್ ಪಾಸಾದ ದಿನ ಕೂಡ ಆಗಿರಲಿಲ್ಲ.

ಸೀಸನ್ ಮುಗಿಯಲು ಎರಡು ದಿನವಿತ್ತು. ಮಧ್ಯಾಹ್ನ ಟೀ ಕುಡಿದು ನೀರಿಗಿಳಿದೆ. ಬಂಡೆಯ ಹಿಂದಿನ ಸುಳಿಗೆ ನೊಣ ಬಿತ್ತೋ ಇಲ್ಲವೋ, ನೀರು ಚಿಮ್ಮಿತು, ಕೋಲು ಬಾಗಿತು. ದಾರ ಒಂದು ಸಲ, ಎರಡು ಸಲ ಜಗ್ಗಿ, ಇದ್ದಕ್ಕಿದ್ದಂತೆ ಹಗುರವಾಯಿತು. ಹೋಯಿತು.

ದಾರ ಸುತ್ತಿ ತುದಿ ನೋಡಿದೆ. ಹರಿದಿರಲಿಲ್ಲ. ಹಂದಿಯ ಬಾಲದಂತೆ ಸುರುಳಿಯಾಗಿತ್ತು. ಗಂಟು ಜಾರಿದರೆ ಹಾಗಾಗುತ್ತದೆ. ನನ್ನ ನೊಣ ಗಟ್ಟಿಯಾಗಿ ಮೀನಿನ ಬಾಯಲ್ಲಿ ಹೋಗಿತ್ತು. ಜಾರಿದ್ದು ನೊಣವನ್ನು ದಾರಕ್ಕೆ ಕಟ್ಟಿದ ಗಂಟು. ಆ ಗಂಟನ್ನು ನಾನು ಕಟ್ಟಿರಲಿಲ್ಲ. ಇವರ ಮುಖ ನೋಡಿದೆ.

ನಾನು ಟೀ ಕುಡಿಯುತ್ತಿದ್ದಾಗ, ನನ್ನ ಬೆರಳು ತಣ್ಣಗಾಗಿರುತ್ತದಲ್ಲ ಎಂದು ಇವರೇ ಹಳೆಯ ನೊಣ ತೆಗೆದು ಹೊಸದನ್ನು ಕಟ್ಟಿಟ್ಟಿದ್ದರಂತೆ. ಮಳೆ ಬರುತ್ತೆ ಅಂತ ಅವಸರದಲ್ಲಿ. ಮೆತ್ತಗೆ ಹೇಳಿದರು.

ನನಗೆ ಕೂಗಾಡಬೇಕೆನಿಸಿತು.

"ನನ್ನ ಕೈ ಮುರಿದಿದ್ದು ಕಲ್ಲು," ಅಂದೆ. "ಅದನ್ನ ಕೆಲಸಕ್ಕೆ ಬಾರದ ಹಾಗೆ ಇಟ್ಟಿರೋದು ನೀವು."

ಇವರು ಜಾರಿದ ದಾರದ ತುದಿಯನ್ನು ಕೈಗೆ ತೆಗೆದುಕೊಂಡರು.

"ಆ ಕಲ್ಲಿನ ಮೇಲೆ ಕಾಲಿಡು ಅಂದಿದ್ದೇ ನಾನು ಕಣೇ. ಇನ್ನೇನ್ ಮಾಡ್ಲಿ, ನೀನೇ ಹೇಳು."

ಆರು ತಿಂಗಳಲ್ಲಿ ಈ ಮಾತು ಒಂದು ದಿನವೂ ನಮ್ಮ ಮನೆಯಲ್ಲಿ ಬಂದಿರಲಿಲ್ಲ. ಹೌದು, ಇವರೇ ಹೇಳಿದ್ದರು. ನಾನು ಮರೆತೇಬಿಟ್ಟಿದ್ದೆ. ಇವರು ಮರೆತಿರಲಿಲ್ಲ, ದಿನಾ ಒಂದೊಂದು ಮುಚ್ಚಳ ತೆಗೆದುಕೊಟ್ಟು ಅದನ್ನು ತೀರಿಸುತ್ತಿದ್ದರು. ಪಾಪ ಅನ್ನಿಸಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

"ಕೈ ಜೇಬಲ್ಲಿ ಇಟ್ಕೊಳ್ಳಿ," ಅಂದೆ. "ಅಷ್ಟು ಮಾಡಿದ್ರೆ ಸಾಕು."

ಮರುದಿನವಿಡೀ ಮಳೆ. ಕೊನೆಯ ದಿನ ಬೆಳಿಗ್ಗೆ ಅದೇ ತೊರೆಗೆ ಹೋದೆವು. ಇವರು ದಡದಲ್ಲಿ ಎರಡೂ ಕೈ ಜೇಬಿನಲ್ಲಿಟ್ಟು ನಿಂತರು. ನೊಣದ ಗಾಳದ ತೂತಿಗೆ ದಾರ ಪೋಣಿಸಲು ನನಗೆ ಒಂಬತ್ತು ಸಲ ಬೇಕಾಯಿತು. ಐದನೇ ಸಲ ಇವರ ಮೊಣಕೈ ಅಲ್ಲಾಡಿದ್ದನ್ನು ಕಂಡೆ, ಕೈ ಹೊರಗೆ ಬರಲಿಲ್ಲ. ಪೋಣಿಸಿ, ಐದು ಸುತ್ತು ಸುತ್ತಿ, ಎಂಜಲಿನಿಂದ ಒದ್ದೆ ಮಾಡಿ, ಬಿಗಿದೆ. ಬಿಗಿದು ಮತ್ತೂ ಬಿಗಿದೆ. ಕಣ್ಣಲ್ಲಿ ನೀರು ಬಂತು.

ಹನ್ನೊಂದು ಗಂಟೆಯವರೆಗೆ ಏನೂ ಇಲ್ಲ. ಮಧ್ಯಾಹ್ನವೂ ಇಲ್ಲ. ಕಾಲು ಮರಗಟ್ಟಿತು. ಇವರು ಚಿತ್ರಾನ್ನ ತಿನ್ನಲೂ ಕರೆಯಲಿಲ್ಲ. ಮೂರರ ಸುಮಾರಿಗೆ ಬಿಸಿಲು ಸ್ವಲ್ಪ ಬಂದು, ಹುಳುಗಳು ಎದ್ದವು. ಬೇಲಿಯ ಕೆಳಗೆ, ನೀರು ನಿಧಾನವಾಗುವ ಕಡೆ ಮೀನೊಂದು ಬಾಯಿ ಹಾಕಿ ನೀರಿನ ಮೇಲೆ ಒಂದು ಉಂಗುರ ಮೂಡಿತು. ಮೊಣಕೈ ಮೈಗೆ ಒತ್ತಿಕೊಂಡು ಬೀಸಿದೆ. ನೊಣ ಉಂಗುರಕ್ಕಿಂತ ಒಂದು ಮೊಳ ಮೇಲೆ ಬಿದ್ದು ತೇಲಿ ಬಂತು. ಮೀನು ಅದನ್ನು ಸದ್ದಿಲ್ಲದೆ ತೆಗೆದುಕೊಂಡಿತು.

ಎಲ್ಲ ಹಿಡಿಯಿತು. ದಾರದ ಗಂಟು, ನೊಣದ ಗಂಟು, ಎಲ್ಲ. ಎರಡು ನಿಮಿಷ ಜಗ್ಗಾಡಿ ಅದು ನನ್ನ ಬೂಟಿನ ಹತ್ತಿರ ಬಂತು. ಎಡಗೈ ಒದ್ದೆ ಮಾಡಿಕೊಂಡು ನೀರಿನೊಳಗೇ ಹಿಡಿದೆ. ಗೇಣುದ್ದವೂ ಇಲ್ಲ; ಕಂದು ಮೈ, ಪಕ್ಕದಲ್ಲಿ ಕುಂಕುಮದ ಬೊಟ್ಟುಗಳು. ತುಟಿಯಂಚಿನಲ್ಲಿ ನನ್ನ ನೊಣ, ಒಂದು ಗರಿಯೂ ಕದಲದೆ.

ಇವರು ನೀರಿಗಿಳಿದು ಪಕ್ಕಕ್ಕೆ ಬಂದಿದ್ದರು. ನಾನು ಕಣ್ಣೆತ್ತದೆ ಬಲಗೈ ಚಾಚಿದೆ, ಅಂಗೈ ಮೇಲಾಗಿ. ಇಷ್ಟು ವರ್ಷ ನನ್ನೆದುರು ಬೇರೆಯವರು ಚಾಚುತ್ತಿದ್ದ ಹಾಗೆ. ಫೋರ್ಸೆಪ್ಸ್ ನನ್ನ ಅಂಗೈಗೆ ಟಪ್ ಅಂತ ಬಿತ್ತು. ಗಾಳವನ್ನು ಕಚ್ಚಿಸಿ ಒತ್ತಿದೆ, ಟಿಕ್ ಅಂದಿತು. ಹಿಂದಕ್ಕೆ ತಿರುಗಿಸಿದೆ. ಗಾಳ ಕಳಚಿತು. ಮೀನು ಒಂದು ಕ್ಷಣ ನನ್ನ ಕೈಯಲ್ಲೇ ನಿಂತಿದ್ದು, ಆಮೇಲೆ ಬೇಲಿಯ ನೆರಳಿಗೆ ಹೊರಟುಹೋಯಿತು.

ಫೋರ್ಸೆಪ್ಸ್ ನೊಣವನ್ನು ಕಚ್ಚಿಕೊಂಡೇ ಇತ್ತು. ಇವರ ಕೈ ಅಭ್ಯಾಸದಂತೆ ನನ್ನ ಮುಂದೆ ಬಂತು, ಬಿಡಿಸಿಕೊಡಲು. ನಾನು ಕೊಡಲಿಲ್ಲ. ಹೆಬ್ಬೆರಳನ್ನು ಬಳೆಯೊಳಗೆ ಹಾಕಿ ಪಕ್ಕಕ್ಕೆ ತಳ್ಳಿದೆ. ಬರಲಿಲ್ಲ. ಮತ್ತೆ ತಳ್ಳಿದೆ, ಜಾರಿತು. ಇವರ ಕೈ ಅಲ್ಲೇ ಇತ್ತು. ಅಮ್ಮ ಹೇಳಿದ್ದು ನೆನಪಾಯಿತು, ಕಬ್ಬಿಣಕ್ಕೆ ಏನ್ ನೋವಾಗತ್ತೆ. ಮೂರನೇ ಸಲ ನೋವಿನೊಳಗೇ ನೂಕಿದೆ.

ಟಿಕ್. ಬಿಟ್ಟುಕೊಂಡಿತು.

ಇವರು ಚಾಚಿದ ಕೈಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ಫೋರ್ಸೆಪ್ಸ್ ನನ್ನ ಕೋಟಿನ ಜೇಬಿಗೆ ಹೋಯಿತು. ಜಿಪ್ಪನ್ನು ನಾನೇ ಎಳೆದುಕೊಂಡೆ.