ನಾಲ್ಕು ಬೆರಳು ಬಟ್ಟೆ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವಳು ಟೈಲರಕ್ಕ. ಅಪ್ಪ ಕಟ್ಟಿಸಿದ ಮನೆಯ ಮುಂಗೋಣೆಯಲ್ಲಿ, ಕಿಟಕಿಗೆ ಮುಖ ಮಾಡಿ ಮೂವತ್ತು ವರ್ಷ ಮಿಷಿನ್ ತುಳಿದವಳು. ಅಪ್ಪ ಅಮ್ಮ ಹೋದ ಮೇಲೆ ಅದೇ ಮಿಷಿನ್ನಿನಲ್ಲಿ ತಮ್ಮನನ್ನು ಓದಿಸಿ, ಮದುವೆ ಮಾಡಿ, ಅವನ ಸಂಸಾರದ ಜೊತೆ ಅದೇ ಮನೆಯಲ್ಲಿ ತಾನು ಮಾತ್ರ ಒಂಟಿಯಾಗೇ ಉಳಿದಳು. ಅವಳಿಗೊಂದು ಚಾಳಿ. ಯಾರ ಬಟ್ಟೆ ಹೊಲಿದರೂ ಒಳಮಡಿಕೆಯಲ್ಲಿ ನಾಲ್ಕು ಬೆರಳು ಬಟ್ಟೆ ಬಿಡುತ್ತಿದ್ದಳು. “ಮೈ ಏನು ಹೇಳಿ ಕೇಳಿ ಬೆಳೆಯುತ್ತಾ? ನಾಳೆ ಬಿಗಿಯಾದ್ರೆ ಬಿಚ್ಕೊಳ್ಳೋಕೆ ಇರಲಿ” ಅನ್ನುತ್ತಿದ್ದಳು. ತನ್ನ ರವಿಕೆಗೆ ಮಾತ್ರ ಉಳಿದ ತುಂಡಿನಲ್ಲೇ ಹೇಗೋ ಸರಿದೂಗಿಸುತ್ತಿದ್ದಳು. ಇಂಥವರನ್ನು ಊರು ಹೊಗಳುತ್ತದೆ, ಮನೆಯವರು ಬಳಸಿಕೊಳ್ಳುತ್ತಾರೆ.

ತಮ್ಮನದು ಬಾಯಲ್ಲಿ ಬೆಲ್ಲ. ಒಂದು ಸಂಜೆ ಬಂದು ಅವಳ ಸ್ಟೂಲಿನ ಪಕ್ಕ ನೆಲದ ಮೇಲೇ ಕೂತ.

“ಅಕ್ಕಾ, ಇದೇನು ಮನೆಯಾ, ಪೆಟ್ಟಿಗೆಯಾ? ನಾಲ್ಕು ಜನ ಬಂದ್ರೆ ಇಬ್ಬರು ಬಾಗಿಲಲ್ಲೇ ನಿಲ್ಬೇಕು. ಗೋಡೆ ಒಡೆದು ಅಡುಗೆಮನೆ, ಹಾಲ್ ಎಲ್ಲಾ ಒಂದು ಮಾಡೋಣ. ಬೇಕಾದಾಗ ದೊಡ್ಡದು, ಬೇಡದಾಗ ಪರದೆ ಎಳೆದ್ರೆ ಚಿಕ್ಕದು. ಅಳತೆ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀನೇ ಕತ್ತರಿಸಿ ಕೊಡು.”

“ನನ್ನ ಕೋಣೆ?”

“ನಿನ್ನ ಕೋಣೆ ಇಲ್ದೆ ಇದು ನಮ್ಮನೆ ಆಗುತ್ತಾ?”

ಅಷ್ಟು ಸಾಕಾಯಿತು ಅವಳಿಗೆ. ಟೇಪು ಹಿಡಿದು ಮನೆಯನ್ನೆಲ್ಲ ಅಳೆದಳು. ಅಡಿಗೆ ಒಂದು ಅಂಗುಲದ ಲೆಕ್ಕದಲ್ಲಿ ಕಂದು ಕಾಗದದಿಂದ ಒಂದೊಂದು ಕೋಣೆಯನ್ನೂ ಕತ್ತರಿಸಿ, ನೆಲದ ಮೇಲೆ ಹರಡಿ, ಗುಂಡುಸೂಜಿ ಚುಚ್ಚಿದಳು. ತಮ್ಮನ ಹೆಂಡತಿಗೆ ಅಡುಗೆಕಟ್ಟೆ ಉದ್ದವಿರಲಿ, ಮಕ್ಕಳಿಗೆ ಓದುವ ಮೇಜು ಹಿಡಿಸಲಿ, ನೆಂಟರು ಬಂದರೆ ಕಾಲು ಚಾಚಲಿ. ಬಟ್ಟೆ ಕತ್ತರಿಸಿದ ಕೈಯಲ್ಲವೇ, ಎಲ್ಲರ ಪಾಲಿಗೂ ಒಂದಿಷ್ಟು ಹೆಚ್ಚು ಬಿಟ್ಟಳು. ಮನೆಯೇನು ಥಾನಿನ ಬಟ್ಟೆಯೇ, ಬೇಕೆಂದರೆ ಇನ್ನೊಂದು ಗಜ ತರಲು? ಆ ಹೆಚ್ಚಿನದೆಲ್ಲ ಬಂದದ್ದು ಅವಳ ಕೋಣೆಯಿಂದಲೇ. ಕೊನೆಗೆ ಉಳಿದದ್ದು ಒಂದು ಮಂಚ, ಒಂದು ಮಿಷಿನ್, ಆ ಕಿಟಕಿ. “ಒಬ್ಬಳಿಗೆ ಎಷ್ಟು ಬೇಕು?” ಅಂದಳು. ತಮ್ಮ ಕಾಗದ ನೋಡಿ ಕಣ್ಣು ಒರೆಸಿಕೊಂಡ. “ನಮ್ಮಕ್ಕ ಅಂದ್ರೆ ನಮ್ಮಕ್ಕ” ಎಂದ.

ಕೆಲಸ ಮುಗಿಯುವ ತನಕ ಮೂರು ತಿಂಗಳು ಬಟನ್ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿದ್ದಳು. ಅಲ್ಲೇ ಹಾಲಿನ ಉದ್ದಕ್ಕೂ ಎಳೆಯುವ ಪರದೆಯನ್ನು ಹೊಲಿದಳು; ಅಷ್ಟು ದೊಡ್ಡದನ್ನು ಅವಳು ಜನ್ಮದಲ್ಲಿ ಹೊಲಿದಿರಲಿಲ್ಲ.

ಹೊಸ ಮನೆ ನೋಡಲು ನೆಂಟರು ಬರುವ ದಿನ ಕೈಗಾಡಿಯಲ್ಲಿ ಮಿಷಿನ್ ಹೇರಿಸಿ, ಪರದೆಯನ್ನು ಹೆಗಲಿಗೇರಿಸಿಕೊಂಡು ಬಂದಳು. ಮನೆ ಅವಳ ಕಾಗದದಂತೆಯೇ ಎದ್ದಿತ್ತು. ಅಡುಗೆಕಟ್ಟೆಯನ್ನು ಒಮ್ಮೆ ಸವರಿ ನೋಡಿದಳು. ತನ್ನ ಕೋಣೆಗೆ ಹೋದಳು. ಅಲ್ಲಿ ಗೋಡೆಗೆ ಮಡಚುವ ಮಂಚ, ಜಾರುವ ಗಾಜಿನ ಬಾಗಿಲು. ಕಿಟಕಿಯ ಕೆಳಗೆ, ಮಿಷಿನ್ ಇಡುವ ಜಾಗದಲ್ಲಿ, ಮೆತ್ತೆ ಹಾಕಿದ ಕಲ್ಲಿನ ಜಗಲಿ.

ಬಾಗಿಲ ಚಿಲಕ ತಿದ್ದುತ್ತಿದ್ದ ಮೇಸ್ತ್ರಿ ತಿರುಗಿ ಅವಳನ್ನೂ ಕಿಟಕಿಯಾಚೆಯ ಗಾಡಿಯನ್ನೂ ನೋಡಿದ. “ಅಯ್ಯೋ ಅಕ್ಕಾ, ಮಿಷಿನ್ ವಾಪಸ್ ಯಾಕೆ ತಂದ್ರಿ? ನೀವು ಬಟನ್ ಅಂಗಡಿ ಮೇಲೇ ಖಾಯಂ, ಇದು ಬಂದು ಹೋಗೋರ ಕೋಣೆ ಅಂದಿದ್ರಲ್ಲ ನಿಮ್ಮ ತಮ್ಮ.”

“ಯಾವಾಗ ಅಂದ?”

“ಮೊದಲ್ನೇ ದಿನಾನೇ, ಗೋಡೆ ತೋರಿಸೋಕೆ ಕರೆದಾಗ. ನಿಮ್ಮ ಕಾಗದ ಬಂದಿದ್ದು ಅದಾಗಿ ಒಂದು ವಾರಕ್ಕೆ.”

ಅಂದರೆ ಅವಳು ಕಣ್ಣಲ್ಲಿ ಕಣ್ಣಿಟ್ಟು ಕತ್ತರಿಸುವಾಗಲೇ, ಅವನು ಪಕ್ಕದಲ್ಲಿ ಕೂತು ಕಣ್ಣೊರೆಸಿಕೊಳ್ಳುವಾಗಲೇ, ಎಲ್ಲ ಮುಗಿದಿತ್ತು. ಮೂಗಿಗೆ ತುಪ್ಪ ಸವರಿ ಅವಳ ಕೈಯಿಂದಲೇ ಅವಳನ್ನು ಕತ್ತರಿಸಿ ಹಾಕಿಸಿದ್ದ. ಕೋಣೆ ಬೇಕು ಎಂದು ಕೇಳಿದ್ದರೆ ಕೊಟ್ಟುಬಿಡುತ್ತಿದ್ದಳೋ ಏನೋ. ಆ ಯೋಚನೆಯೇ ಅವಳನ್ನು ಹೆಚ್ಚು ಸುಟ್ಟಿತು.

ತಮ್ಮ ಬಂದ. ಅವಳ ಮುಖ ನೋಡಿದವನೇ ಶುರುಮಾಡಿದ. “ನೀನೇ ಅಲ್ವಾ ಅಕ್ಕಾ ಈ ಕೋಣೇನ ಇಷ್ಟು ಚಿಕ್ಕದು ಮಾಡಿದ್ದು? ನಿಂಗೆ ಬೇಡವೇನೋ ಅನ್ಕೊಂಡ್ವಿ. ಯಾವಾಗ ಬೇಕಾದ್ರೂ ಬಾ, ಉಳ್ಕೊ, ಯಾರು ಬೇಡ ಅಂತಾರೆ?”

ಸುಳ್ಳಿಗೂ ಒಂದು ಅಳತೆ ಬೇಡವೇ? ಮೇಸ್ತ್ರಿ ತಲೆ ತಗ್ಗಿಸಿ ಚಿಲಕ ಉಜ್ಜಿದ. ಅವಳು ಒಪ್ಪಿಕೊಂಡ ಕೆಲಸ ಅರ್ಧಕ್ಕೆ ಬಿಟ್ಟವಳಲ್ಲ. ಸ್ಟೂಲು ಹತ್ತಿ ಪರದೆಯನ್ನು ಕೊನೆಯ ಉಂಗುರದವರೆಗೂ ತೂಗುಹಾಕಿದಳು. ಆಗಲೇ ನೆಂಟರು ಬಂದು ಸೋಫಾಗಳಲ್ಲಿ ತುಂಬಿಕೊಂಡಿದ್ದರು. ತಮ್ಮ ಪರದೆಯನ್ನು ಠೀವಿಯಿಂದ ಎಳೆದ. ಅದು ನೆಲದಿಂದ ನಾಲ್ಕು ಬೆರಳು ಮೇಲೆ ನಿಂತಿತು. ಮೇಸ್ತ್ರಿ ಪರದೆಯ ಸರಳನ್ನು ಅಷ್ಟು ಎತ್ತರಿಸಿದ್ದ.

“ಪರವಾಗಿಲ್ಲ” ಎಂದು ತಮ್ಮ ನೆಂಟರ ಕಡೆ ನಕ್ಕ. “ನಮ್ಮಕ್ಕ ಯಾವಾಗ್ಲೂ ಒಳಗೆ ಬಿಟ್ಟಿರ್ತಾಳೆ. ಅಲ್ವಾ ಅಕ್ಕಾ? ಕೂತು ಒಂದಿಷ್ಟು ಬಿಚ್ಚಿಬಿಡು.”

ಅವಳು ಬಗ್ಗಿ ಅಂಚನ್ನು ಮಗುಚಿ ಎಲ್ಲರಿಗೂ ಕಾಣುವಂತೆ ಹಿಡಿದಳು.

“ಇದೆ ಕಣೋ. ಸರಿಯಾಗಿ ನಾಲ್ಕು ಬೆರಳು ಬಿಟ್ಟಿದ್ದೀನಿ. ಬಿಚ್ಚೋಕೆ ಮಾತ್ರ ಬೇರೆ ಟೈಲರ್ ಹುಡುಕ್ಕೊ.”

ಅಂಚನ್ನು ಕೈಬಿಟ್ಟು, ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು, ಮಿಷಿನ್ ಇನ್ನೂ ಇಳಿಸದ ಗಾಡಿಯ ಕಡೆಗೆ ನಡೆದಳು.